ಒಂದೇ ಹೆಸರಿನ ಎರಡು ರಿಪೋರ್ಟ್

ನಿನ್ನೆಯ ರಕ್ತಪರೀಕ್ಷೆಯ ರಿಪೋರ್ಟನ್ನು ಡಾಕ್ಟರಿಗೆ ತೋರಿಸಲು ದೊಡ್ಡಮುನಿಯಮ್ಮ ಬೂದಿಕೋಟೆಯಿಂದ ಬಂಗಾರಪೇಟೆಗೆ ಬಸ್ಸು ಹತ್ತಿದ್ದಳು. ಮುಂದಿನ ಸೀಟಿನಲ್ಲಿ ಲ್ಯಾಬಿನ ಹುಡುಗಿ ನವ್ಯಶ್ರೀ, ಕಂಪ್ಯೂಟರ್ ರಿಪೇರಿಯವನ ಹತ್ತಿರ ಪಿಸುಗುಟ್ಟುತ್ತಿದ್ದಳು.

“ರಿಪೋರ್ಟ್ ಪ್ರೋಗ್ರಾಮ್ ಒಂದ್ಸಲ ತೆರೀತೈತೆ ಅಶ್ವಥಣ್ಣ, ಒಂದ್ಸಲ ಎಷ್ಟು ಒತ್ತಿದ್ರೂ ಇಲ್ಲ.”

“ಆಫ್ ಮಾಡಿ ಆನ್ ಮಾಡ್ದಾ?”

“ಮೂರು ಸಲ ಮಾಡ್ದೆ. ಸುಮ್ನೆ ಸುತ್ತುತಾನೇ ಇರ್ತೈತೆ.”

“ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬತ್ತೈತಾ?”

“ಬತ್ತೈತೆ.”

“ಅಂಗಾದ್ರೆ ಡಿಸ್ಕೇ ಕೆಡ್ತಾ ಐತೆ. ಬೇರೆ ಆಕಣ. ಅದಕ್ಯಾಕೆ ಅಳ್ತೀಯ?”

“ನಿನ್ನೆ ತೆರೀಲೇ ಇಲ್ಲ ಅಣ್ಣ. ಜನ ಕಾಯ್ತಿದ್ರು, ಕೈಯಲ್ಲೇ ಬರ್ದುಕೊಟ್ಟೆ. ದೊಡ್ಡಮುನಿಯಮ್ಮ ಅನ್ನೋರು ಇಬ್ರಿದ್ರು. ಒಬ್ರಿಗೆ ಏನೂ ಇಲ್ಲ, ಇನ್ನೊಬ್ರಿಗೆ ಕಿಡ್ನಿ ಕೆಟ್ಟೈತೆ. ಅದಲುಬದಲು ಮಾಡ್ಬಿಟ್ನೇನೋ ಅಂತ ಭಯ.”

“ಯಾವೂರೋರು?”

“ಒಬ್ರು ಬೂದಿಕೋಟೆ. ಇನ್ನೊಬ್ರು ಎಲ್ಲಿಯೋರೋ.”

ದೊಡ್ಡಮುನಿಯಮ್ಮ ಮಡಿಲಲ್ಲಿದ್ದ ಚೀಲವನ್ನು ಅವುಚಿಕೊಂಡಳು. ಏನೂ ಇಲ್ಲ ಎಂದು ಬರೆದಿದ್ದ ಚೀಟಿ ಅದರಲ್ಲಿತ್ತು. ಎರಡು ತಿಂಗಳಿಂದ ಊದಿಕೊಂಡಿದ್ದ ಪಾದಗಳನ್ನು ನಿನ್ನೆ ರಾತ್ರಿಯಷ್ಟೇ ಅವಳು ಮರೆತು ಮಲಗಿದ್ದಳು.

ಬಂಗಾರಪೇಟೆಯಲ್ಲಿ ಬಸ್ಸು ನಿಂತಿತು. ಅವರಿಬ್ಬರೂ ಇಳಿದು ಜನರ ನಡುವೆ ಮರೆಯಾಗತೊಡಗಿದರು. ಬಾಯಿ ಮುಚ್ಚಿಕೊಂಡು ಕೂತರೆ ಆ ಒಳ್ಳೆಯ ಚೀಟಿ ತನ್ನದಾಗಿಯೇ ಉಳಿಯುತ್ತದೆ ಎಂದು ಒಂದು ಗಳಿಗೆ ಅನಿಸಿತು. ಆಮೇಲೆ ಕಂಬಿ ಹಿಡಿದು ಎದ್ದು, ಬಾಗಿಲಲ್ಲಿ ನಿಂತು ಕೂಗಿದಳು.

“ನಿಂತ್ಕೋ ಅಮ್ಮಣ್ಣಿ! ಆ ಬೂದಿಕೋಟೆಯೋಳು ನಾನೇ. ಇನ್ನೊಂದ್ಸಲ ರಕ್ತ ತಗಿ.”

ನವ್ಯಶ್ರೀ ಓಡಿಬಂದು ಅವಳ ಕೈ ಹಿಡಿದು ಇಳಿಸಿಕೊಂಡಳು. ಇಬ್ಬರೂ ಲ್ಯಾಬಿನ ಕಡೆ ನಡೆದರು.