ಅಜ್ಮೀರಿಗೆ ಹೊರಟ ಬೀರು

"ಹಲೋ... ಹಲೋ, ಯಾರ್ರಿ ಮಾತಾಡೋದು? ... ಯಾರು? ... ಹರಿಹರದಿಂದ ಟ್ರಂಕ್ ಕಾಲಾ? ಹಾಂ, ಕೊಡಮ್ಮ, ಲೈನ್ ಕೊಡು. ನಾನು ಅವರ ಮನೆಯಾಕೇನೇ..."

ಸುಗ್ರಾಬಿ ಹಿಟ್ಟಿನ ಕೈಯಲ್ಲೇ ರಿಸೀವರ್ ಎತ್ತಿಕೊಂಡಿದ್ದಳು. ದಾವಣಗೆರೆಯಲ್ಲಿ ಮುಂದೆ ಅವಳ ಗಂಡ ಹಯಾತ್ ಸಾಬರ ಬೀರು ಮಾಡುವ ಅಂಗಡಿ, ಹಿಂದೆ ಮನೆ; ಫೋನು ಅಂಗಡಿಯ ಮೇಜಿನ ಮೇಲೆ. ಅಂದು ಅಂಗಡಿಗೆ ರಜೆ. ಯಜಮಾನರು ಬೆಳಗಿನ ನಮಾಜು ಮುಗಿಸಿ, ವಿಧವೆ ಅಕ್ಕ ಇಮಾಂಬೀಯನ್ನು ಕರೆದುಕೊಂಡು ಅಜ್ಮೀರಿನ ಉರುಸಿಗೆ ಹೊರಟಿದ್ದರು. ಜೀಪು ಗೆಳೆಯ ಕರಿಬಸವರಾಜನದು, ಓಡಿಸುವವನೂ ಅವನೇ. ಜೀಪಿನ ಹಿಂದೆ ಕಟ್ಟಿದ್ದು ಹಯಾತ್ ಸಾಬರು ತಮ್ಮ ಕೈಯಾರೆ ತಗಡು ಬಗ್ಗಿಸಿ ಮಾಡಿದ ಗಾಲಿಮನೆ. ಈಗ ಹೊತ್ತು ನೆತ್ತಿಗೆ ಬಂದಿತ್ತು. ಅವರ ಲೆಕ್ಕದ ಪ್ರಕಾರ ಹುಬ್ಬಳ್ಳಿಯಲ್ಲಿ ಊಟ.

"ನೀವಾ? ... ಇನ್ನೂ ಹರಿಹರದ ಪೆಟ್ರೋಲ್ ಬಂಕಿನಾಗೇ ಇದೀರಾ? ... ಅಲ್ಲಾ, ಹರಿಹರಕ್ಕೆ ಸೈಕಲ್ ಮ್ಯಾಲೆ ಹೋದೋರು ಇಷ್ಟೊತ್ತಿಗೆ ವಾಪಸ್ ಬಂದು ಮಲಗಿರ್ತಾರಲ್ರಿ..."

ಮನೆಯಲ್ಲಿ ಗಂಡ ಹೆಂಡತಿ ಆಡುವುದು ಉರ್ದು. ಆದರೆ ಸುಗ್ರಾಬಿಗೆ ಯಾರನ್ನಾದರೂ ಹೀಯಾಳಿಸಬೇಕೆನಿಸಿದರೆ ಉರ್ದು ಸಾಲುತ್ತಿರಲಿಲ್ಲ. ತವರು ಕುಕ್ಕುವಾಡದ ಕನ್ನಡ ತಾನಾಗಿ ಬಾಯಿಗೆ ಬರುತ್ತಿತ್ತು. ಅವಳು ಕನ್ನಡಕ್ಕೆ ತಿರುಗಿದಳೆಂದರೆ ಹಯಾತ್ ಸಾಬರು ಟೋಪಿ ಸರಿಮಾಡಿಕೊಂಡು ಬೀದಿಗೆ ಇಳಿಯುವುದು ವಾಡಿಕೆ. ಇವತ್ತು ಪಾಪ, ಬೀದಿಯಲ್ಲೇ ಇದ್ದರು.

"ಏನು ಅಲ್ಲಾಡ್ತೈತೆ? ... ಟ್ರೇಲರಾ? ... ಜೀಪನ್ನೇ ಎಳದಾಡ್ತೈತಾ? ... ಟ್ರಂಕು, ಅಕ್ಕಿಚೀಲ, ನೀರಿನ ಡ್ರಮ್ಮು, ಎಲ್ಲಾ ಹಿಂದಕ್ಕೆ ತುರುಕಿದ್ರೆ ಇನ್ನೇನಾಗ್ತೈತೆ? ಹಿಂಭಾರ ಆದ್ರೆ ಗಾಡಿ ಎತ್ತಿನ ಕುತ್ತಿಗೆನೇ ಎತ್ತಿಬಿಡ್ತೈತೆ ಅನ್ನೋದು ನಮ್ಮೂರಾಗ ಕೂಸಿಗೂ ಗೊತ್ತು. ಪೆಟ್ರೋಲ್ ಕುಡಿಯೋ ಎತ್ತಿಗೆ ಬ್ಯಾರೆ ಕಾನೂನು ಐತಾ?"

...

"ರಿವರ್ಸಾ? ... ಜೀಪು ಎಡಕ್ಕೆ ತಿರುಗಿಸಿದ್ರೆ ಅದು ಬಲಕ್ಕೆ ಹೋತಾ? ಹೋಗ್ಲಿ ಬಿಡ್ರಿ, ನಿಮ್ಮ ಮನೆತನದ ಗುಣ ಅದಕ್ಕೂ ಬಂದೈತೆ. ... ಚಾದಂಗಡಿ ತಡಿಕೆ ಮುರೀತಾ? ... ಹಾಂ. ... ಜನ ಸೇರಿದ್ರಾ? ಸೇರದೇ ಏನ್ಮಾಡ್ತಾರೆ, ನಡುರಸ್ತೆಗೆ ನಿಲುಗನ್ನಡಿ ತಂದು ನಿಲ್ಲಿಸಿದ್ರೆ ಹರಿಹರದೋರೆಲ್ಲ ತಲೆ ಬಾಚ್ಕೊಳ್ಳಾಕೆ ಬರ್ತಾರೆ..."

ಕನ್ನಡಿಯ ಮಾತು ಸುಳ್ಳಲ್ಲ. ಹಯಾತ್ ಸಾಬರಿಗೆ ಬಾಗಿಲು ಅಂದರೆ ಒಂದೇ ಬಾಗಿಲು, ಬೀರುವಿನ ಬಾಗಿಲು. ಅದಕ್ಕೆ ಉದ್ದದ ಕನ್ನಡಿ, ಹೊರಗೆ ಹೊಳೆಯುವ ಹಿಡಿ, ಮೈಗೆಲ್ಲ ಬೂದುಬಣ್ಣ. ದಾವಣಗೆರೆಯ ಅರ್ಧ ಮದುಮಕ್ಕಳು ಅಂಥ ಬಾಗಿಲ ಮುಂದೆ ನಿಂತೇ ಮೊದಲ ಸಲ ಸೆರಗು ಸರಿಮಾಡಿಕೊಂಡವರು. ಗಾಲಿಮನೆಯ ಹಿಂಬದಿಗೂ ಅವರು ಅದೇ ಬಾಗಿಲನ್ನು ಕೂಡಿಸಿದ್ದರು. ಹಿಂದೆ ಬರುವ ಲಾರಿಯವರ ಕಣ್ಣಿಗೆ ಬಿಸಿಲು ಹೊಡೆಯುತ್ತದೆ ಎಂದು ಕರಿಬಸವರಾಜ ಅಂದಾಗ, ಹಾಗಾದರೆ ಅವರು ದೂರ ಇರುತ್ತಾರೆ, ಒಳ್ಳೆಯದೇ ಆಯಿತು ಎಂದಿದ್ದರು.

ಇಷ್ಟೆಲ್ಲ ಮಾಡಿದ್ದು ಅಕ್ಕನಿಗಾಗಿ. ಸುಗ್ರಾಬಿ ಆಪಾ ಎಂದು ಕರೆಯುವ ಇಮಾಂಬೀಗೆ ಅಜ್ಮೀರಿನ ಹರಕೆ, ಆದರೆ ಮೊಣಕಾಲು ಮಡಚಲು ಬರುವುದಿಲ್ಲ, ಬಸ್ಸು ರೈಲು ಆಗುವುದಿಲ್ಲ. ಅವಳು ಕಾಲು ಚಾಚಿ ಮಲಗಿಕೊಂಡೇ ದರ್ಗಾ ಸೇರಬೇಕೆಂದು ಹಯಾತ್ ಸಾಬರು ಚಳಿಗಾಲವಿಡೀ ಸುತ್ತಿಗೆ ಬಡಿದಿದ್ದರು. ಹೆಂಡತಿ ಸುಗ್ರಾಬಿಯ ಪಾಲಿಗೆ ಬಂದದ್ದು ಮಾತ್ರ ಬಾಗಿಲು ಸೊಟ್ಟಾಯಿತೆಂದು ಗಿರಾಕಿ ಬಿಟ್ಟುಹೋದ ಬೀರು. ಅದಾದರೂ ಹೋಗಲಿ. ನೀನೂ ಬರುತ್ತೀಯಾ ಎಂದು ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೆ ಆ ಡಬ್ಬಿಯಲ್ಲಿ ಯಾರು ಕೂರುತ್ತಾರೆ ಎಂದು ಬೈಯುತ್ತಿದ್ದಳು ನಿಜ. ಬೈಯಲಿಕ್ಕಾದರೂ ಕೇಳಬೇಕಿತ್ತು.

"ಕೀಲಿನಾ? ... ಯಾವ ಕೀಲಿ? ... ಇನ್ನೊಂದು ಕೀಲಿ ಯಾಕ, ಒಂದು ನಿಮ್ಮ ಹತ್ರ ಇತ್ತಲ್ಲ? ... ಒಳಗಾ? ಬಾಗಿಲು ಹಾಕ್ಕೊಂಡು ಬಿಡ್ತಾ? ... ಲಾರಿ ಗಾಳಿಗಾ? ... ಕೀಲಿ ಒಳಗೆ ಎಲ್ಲೈತೆ? ... ಆಪಾನ ಚೀಲದಾಗಾ? ಮತ್ತೆ ಆಪಾನ್ನ ಕೇಳ್ರಿ. ... ಆಪಾ ಎಲ್ಲದಾರೆ?"

...

"ಅವರೂ ಒಳಗೇನಾ?"

...

"ಒಳಗಿಂದ ತೆಗೀರಿ ಅಂತ ಹೇಳ್ರಿ ಮತ್ತೆ. ... ಯಾಕ? ... ಏನಿಲ್ಲ? ... ಹಿಡಿ ಇಲ್ವಾ? ... ಒಳಗಡೆ ಹಿಡಿನೇ ಇಟ್ಟಿಲ್ವಾ?"

ಸುಗ್ರಾಬಿಗೆ ನಗು ಬಂತು. ಬಂದ ನಗು ತಡೆಯಲಾಗದೆ ಮೇಜು ಹಿಡಿದುಕೊಂಡಳು. ಬೀರುವಿಗೆ ಒಳಗೇಕೆ ಹಿಡಿ? ಒಳಗಿನ ಸೀರೆ ತಾನಾಗಿ ಬಾಗಿಲು ತೆಗೆದುಕೊಂಡು ಹೊರಗೆ ಬಂದದ್ದುಂಟೇ? ಜನ್ಮವೆಲ್ಲ ಬೀರು ಮಾಡಿದ ಮನುಷ್ಯ, ಜೀವ ಇರುವ ಪ್ರಾಣಿಯೊಂದು ಒಳಗೆ ಕೂರುತ್ತದೆ ಎಂಬುದನ್ನೇ ಮರೆತಿದ್ದ. ಬಾಗಿಲು ಹಾಕಿದೊಡನೆ ಮೂರು ಕಡೆ ಕಚ್ಚಿಕೊಳ್ಳುವ ಬೀಗವನ್ನು ಮಾತ್ರ ಮರೆತಿರಲಿಲ್ಲ. ಕಿಟಕಿ ಎಂದು ಇಟ್ಟದ್ದು ಮೇಲುಗಡೆ ಒಂದು ಗೇಣಿನ ಜಾಲರಿ, ಕಳ್ಳರ ಭಯಕ್ಕೆ ಅಷ್ಟೇ ಅಗಲ.

"ನಗದೇ ಏನ್ಮಾಡ್ಲಿ? ... ನಮ್ಮನೆ ಬೀರು ಆಗಿದ್ರೆ ಮೊಣಕೈಲಿ ತಳ್ಳಿದ್ರೆ ತೆಗೀತಿತ್ತು. ನೀವು ಅಕ್ಕಗೆ ಅಂತ ಒಳ್ಳೆ ಮಾಲೇ ಹಾಕೀರಿ, ಈಗ ಅನುಭವಿಸ್ರಿ. ... ತಡೀರಿ, ನೋಡ್ತೀನಿ, ಮೊಳೆಗೆ ತೂಗಾಕಿರೋದಾ? ... ಹಾಂ, ಐತೆ. ಸಿಕ್ತು. ... ಯಾರ ಕೈಲಿ ಕಳಿಸ್ಲಿ? ಎಲ್ಲಾರಿಗೂ ರಜಾ ಕೊಟ್ಟು ಹೋಗೀರಿ. ... ನಾನೇ ಬಸ್ ಹತ್ತಲಾ? ಬಸ್ಸು ಯಾವಾಗ ಬರ್ತೈತೋ, ಯಾವಾಗ ಮುಟ್ತೈತೋ..."

ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕುವಾಗ ಅವಳ ಕಣ್ಣು ಅಂಗಳಕ್ಕೆ ಹೋಯಿತು. ಅಲ್ಲಿ ಬಿದ್ದಿದ್ದ ತಗಡಿನ ಚೂರುಗಳ ಮೇಲೆ ಬಿಸಿಲು ನೋಡಲಾಗದಷ್ಟು ಹೊಳೆಯುತ್ತಿತ್ತು. ಬೆಳಿಗ್ಗೆ ಬರಿಗಾಲಲ್ಲಿ ಅಂಗಳ ತುಳಿದವಳು ಹತ್ತರ ಹೊತ್ತಿಗೇ ಚಪ್ಪಲಿ ಹಾಕಿಕೊಂಡಿದ್ದಳು.

"ಅಲ್ರೀ... ಗಾಡಿ ನೆರಳಾಗ ನಿಲ್ಲಿಸೀರಾ? ... ಬಿಸಿಲಾಗಾ? ... ತಗಡು ಮುಟ್ಟಿ ನೋಡಿದ್ರಾ? ... ಕೈ ಸುಡ್ತೈತಾ? ... ಎಷ್ಟೊತ್ತಿನಿಂದ ಒಳಗದಾರೆ? ... ನೀವು ತಡಿಕೆ ಜಗಳ ಮಾಡ್ತಿದ್ದಾಗಿಂದಾನಾ? ಆವಾಗಿಂದಾನಾ?"

...

"ಆಪಾ ಏನಂತಾರೆ? ... ಬೈತಿದ್ರಾ? ... ಜೋರಾಗಿ? ... ಹಾಂ, ಬಾಗಿಲು ಬಡೀತಿದ್ರು. ... ಈಗ? ... ಈಗೇನಂತಾರೆ ಅಂದೆ. ... ಈಗ ಬೈತಿಲ್ವಾ?"

ನಗು ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಇಮಾಂಬೀ ಬೈಯುವುದನ್ನು ತಾನಾಗಿ ನಿಲ್ಲಿಸಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಬೈಗುಳ, ಕಡಿಮೆಯಾದರೆ ಬೈಗುಳ, ಸರಿಯಿದ್ದರೆ ಕುಕ್ಕುವಾಡದವರ ಬೇರೆ ತಪ್ಪು ಹುಡುಕಿ ಬೈಗುಳ. ಸೊಸೆಯಾಗಿ ಕಾಲಿಟ್ಟ ದಿನದಿಂದ ಆ ಬಾಯಿ ಮುಚ್ಚಲಿ ಎಂದು ಎಷ್ಟು ಸಲ ಬೇಡಿಕೊಂಡಿದ್ದಳೋ. ಈಗ ಅದು ಮುಚ್ಚಿದೆ ಎಂದು ಕೇಳಿ ಸುಗ್ರಾಬಿಗೆ ಭಯವಾಯಿತು.

"ಕೇಳ್ರಿ ಇಲ್ಲಿ. ಕೀಲಿ ಗೀಲಿ ಬ್ಯಾಡ. ಬಾಗಿಲು ಒಡೀರಿ. ... ಬಸ್ಸು ಬರೋ ತನಕ ಆ ಬಾಣಲೆಯೊಳಗೆ ಇರ್ತಾರೇನ್ರಿ ಅವರು? ... ಏನು ಕೆಡ್ತೈತೆ? ... ಬಣ್ಣನಾ? ... ಕನ್ನಡಿನಾ? ... ನೀವು ಮಾಡಿದ ಬೀರು ಇವತ್ತಿನ ತನಕ ಒಬ್ಬ ಕಳ್ಳನೂ ಒಡೆದಿಲ್ಲ, ಗೊತ್ತು. ಊರಿಗೆಲ್ಲ ಹೇಳ್ಕೊಂಡು ತಿರುಗ್ತೀರಿ. ಮೊದಲನೇ ಕಳ್ಳ ನೀವೇ ಆಗ್ರಿ. ಏನು ನಾಚಿಕೆ? ... ಬಾಗಿಲಿಲ್ದೆ ಅಜ್ಮೀರಕ್ಕೆ ಹೆಂಗೆ ಹೋಗ್ಲಿ ಅಂತೀರಾ? ಅಕ್ಕ ಇಲ್ದೆ ಹೆಂಗೆ ಹೋಗ್ತೀರಿ ಅದನ್ನ ಹೇಳ್ರಿ ನಂಗೆ..."

...

"ಯಾರು? ... ಆಪರೇಟರಾ? ತಾಯಿ, ಕಟ್ ಮಾಡಬ್ಯಾಡ, ಇನ್ನೊಂದು ಮೂರು ನಿಮಿಷ ಹಾಕು. ... ರೀ, ಇದೀರಾ? ಫೋನು ಇಡಬ್ಯಾಡ್ರಿ. ಹಂಗೇ ಮೇಜಿನ ಮ್ಯಾಲೆ ಬಿಟ್ಟು ಹೋಗ್ರಿ. ಸುತ್ತಿಗೆ ತಗೊಂಡು ಹೋಗ್ರಿ..."

ರಿಸೀವರಿನಲ್ಲಿ ಪೆಟ್ರೋಲ್ ಬಂಕಿನ ಗದ್ದಲ ಕೇಳಿಸಿತು. ಲಾರಿಯ ಹಾರನ್ನು, ಯಾರದೋ ನಗು, ಸರಿಯಿರೋ ಎಂಬ ಕರಿಬಸವರಾಜನ ಗದರಿಕೆ. ಆಮೇಲೆ ತಗಡಿನ ಮೇಲೆ ಸುತ್ತಿಗೆ ಬಿತ್ತು. ದಿನವೂ ಗೋಡೆಯಾಚೆಯಿಂದ ಕೇಳಿ ಕೇಳಿ ಬೇಸತ್ತಿದ್ದ ಸದ್ದು. ಕೆಲಸ ಮಾಡುವಾಗ ಅವರ ಪೆಟ್ಟು ಅಳೆದಂತೆ ಬೀಳುತ್ತಿತ್ತು. ಇದು ಹಾಗಿರಲಿಲ್ಲ, ದಿಕ್ಕುತಪ್ಪಿ ಬೀಳುತ್ತಿತ್ತು. ಕನ್ನಡಿ ಒಡೆದು ಸುರಿಯಿತು. ಮತ್ತೆ ಪೆಟ್ಟು, ಮತ್ತೆ ಪೆಟ್ಟು. ಎಂಥ ಬೀಗ ಮಾಡಿದ್ದಾನೆ ಪಾಪಿ ಎಂದು ಸುಗ್ರಾಬಿ ಗಂಡನನ್ನು ಶಪಿಸಿದಳು. ಆಮೇಲೆ ಸದ್ದು ನಿಂತಿತು.

"ಹಲೋ... ಹಲೋ, ಯಾರಾದ್ರೂ ಇದೀರೇನ್ರಿ? ... ಯಾರು, ಕರಿಬಸವರಾಜಣ್ಣಾ? ... ತೆಗೀತಾ? ... ಆಪಾ? ... ಎತ್ಕೊಂಡು ಬಂದ್ರಾ? ... ಫ್ಯಾನ್ ಕೆಳಗೆ, ಹಾಂ. ... ನೀರು ತಲೆಗೆ ತಟ್ರಿ, ಒಂದೇ ಸಲ ಕುಡಿಸಬ್ಯಾಡ್ರಿ. ... ಕಣ್ಣು ಬಿಟ್ರಾ? ... ಏನಾದ್ರೂ ಅಂದ್ರಾ? ... ಏನೂ ಅನ್ಲಿಲ್ವಾ? ... ಇವರೇನ್ ಮಾಡ್ತಾರೆ? ... ಅಳೋದು ಆಮ್ಯಾಲೆ ಅಳ್ಲಿ. ಅಣ್ಣಾ, ಫೋನು ಆಪಾನ ಕಿವಿಗೆ ಹಿಡಿ."

...

"ಆಪಾ... ನಾನು ಸುಗ್ರಾ. ... ಆಪಾ, ಕೇಳಿಸ್ತೈತಾ?"

...

"ಆಪಾ?"

...

"ಹಾಂ? ... ಹೌದು. ನಾನೇ ಒಡೆಸಿದ್ದು. ... ಹೊಸಾ ಬಾಗಿಲು, ಹೌದು. ... ಕನ್ನಡೀನೂ ನಾನೇ. ... ನಿಮ್ಮ ತಮ್ಮ ನಿಮಗೆ ಅಂತ ಏನಾದ್ರೂ ಮಾಡಿದ್ರೆ ನಂಗೆ ಹೊಟ್ಟೆಕಿಚ್ಚು. ಹೌದು ಆಪಾ, ಹೊಟ್ಟೆಕಿಚ್ಚೇ..."

ಧ್ವನಿ ಸಣ್ಣಗಿತ್ತು, ಒಂದೊಂದು ಮಾತಿಗೂ ಉಸಿರು ಹಿಡಿಯುತ್ತಿತ್ತು. ಆದರೆ ಬೈಗುಳ ಬೈಗುಳವೇ. ಸುಗ್ರಾಬಿ ಗಂಡನ ಸ್ಟೂಲು ಎಳೆದುಕೊಂಡು ಕುಳಿತಳು. ತಿರುಗಿ ಅನ್ನಲು ಮಾತು ನೂರು ಇದ್ದವು. ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಬೈರಿ ಆಪಾ. ... ಇಲ್ಲ, ಎಲ್ಲಿ ಅಳ್ತೀನಿ? ಆ ಡಬ್ಬಿಗೆ ಯಾರಾದ್ರೂ ಅಳ್ತಾರಾ? ... ಹಾಂ, ನಂಗೆ ಮಾತಾಡಾಕೆ ಬರಲ್ಲ, ಖರೇ. ... ಸಾರು ಮಾಡಾಕೂ ಬರಲ್ಲ. ... ನಮ್ಮ ಕುಕ್ಕುವಾಡದೋರಿಗೆ ಇನ್ನೂ ಬೈದೇ ಇಲ್ಲ ನೀವು, ಅವರಿಗೂ ಬೈರಿ. ... ಉಸಿರು ತಗೊಂಡು ಬೈರಿ, ಅವಸರ ಇಲ್ಲ. ... ನಿಲ್ಲಿಸಬ್ಯಾಡ್ರಿ ಆಪಾ, ಬೈತಾನೇ ಇರ್ರಿ, ನಾ ಕೇಳ್ತಿದ್ದೀನಿ... ಹಲೋ? ... ಆಪಾ? ... ತಾಯಿ, ಮೂರು ನಿಮಿಷ ಮುಗೀತು ಅಂತ ಲೈನ್ ಕಟ್ ಮಾಡಿದ್ಯಾ? ... ಹಲೋ..."