ಒಣಗಿದ ಕಾಗದ

...ಮುಟ್ಬೇಡ ಆ ಕಂಪ್ಯೂಟರ್‌ನ. ಪ್ಲಗ್ ಕಿತ್ತಿದ್ದೀನಿ, ಸರಿ, ಆದ್ರೂ ಒಳಗಿನ್ನೂ ಒದ್ದೆ ಇದೆ ಪುಟ್ಟ. ಕೈ ಹಾಕಿದ್ರೆ ನಿನ್ನ ಸಿನಿಮಾ ಸಿಗುತ್ತಾ? ನೀಲಿ ನೀರು ನೇರ ಡಿಸ್ಕ್ ಮೇಲೇ ಬಿದ್ದಿದೆ. ಡಿಸ್ಕ್ ಕರಕಲಾಗಿದ್ರೆ ತನ್ನ ಕೈಲಿ ಏನೂ ಆಗಲ್ಲ ಅಂತ ರಿಪೇರಿಯವನು ಫೋನಲ್ಲೇ ಹೇಳಿದ್ನಲ್ಲ.

ಯಾಕೆ ಹಾಗೆ ನೋಡ್ತೀಯ? ನಾನೇನು ಚೊಂಬಲ್ಲಿ ತಂದು ಸುರಿದ್ನಾ?

ಗೊತ್ತು ಮಾರಾಯ, ಗೊತ್ತು. ಎರಡು ವರ್ಷ ಕಣ್ಣು ಕೆಂಪು ಮಾಡ್ಕೊಂಡು ಬರೆದ ಆನಿಮೇಷನ್ನು, ನಾಳೆ ಸ್ಪರ್ಧೆಗೆ ಕಳಿಸ್ಬೇಕಿತ್ತು. ಇನ್ನೊಂದು ಕಾಪಿ ಇಟ್ಕೋ ಅಂತ ಎಷ್ಟು ಬಡ್ಕೊಂಡೆ? ಆಮೇಲೆ ಅಕ್ಕ, ಆಮೇಲೆ... ಬಂತು ನೋಡು ಆಮೇಲೆ.

ಮಷೀನು ಆಮೆ ಥರ ಓಡುತ್ತೆ ಅಂತ ಅತ್ತವನು ನೀನೇ ತಾನೆ? ಅದಕ್ಕೇ ಅಲ್ವಾ ನಾನು ಪ್ರೊಸೆಸರ್‌ನ ಕಂಪನಿಯವರು ಹೇಳಿದ್ದಕ್ಕಿಂತ ಜೋರಾಗಿ ಓಡ್ಸೋಕೆ ಕೂತಿದ್ದು? ಜೋರಾಗಿ ಓಡಿದ್ರೆ ಕೆಂಡದ ಹಾಗೆ ಕಾಯುತ್ತೆ, ಬರೀ ಫ್ಯಾನ್ ಸಾಲಲ್ಲ, ತಣ್ಣಗಿಡೋಕೆ ಪೈಪಲ್ಲಿ ನೀರು ಹರಿಸ್ಬೇಕು. ಪೈಪು ನಾನೇ ಕಾಯಿಸಿ ಬಗ್ಗಿಸಿದೆ. ಇಲ್ನೋಡು ಬೆರಳು, ಬೊಬ್ಬೆ ಇನ್ನೂ ಆರಿಲ್ಲ. ಪಂಪು ನಂದು, ಅಳತೆ ನಂದು... ಸೋರಿದ್ರೆ ಕಣ್ಣಿಗೆ ಕಾಣ್ಲಿ ಅಂತ ನೀಲಿ ಬಣ್ಣ ಬೆರೆಸಿದ್ದೂ ನಾನೇ.

ಮೊನ್ನೆ ನಿನ್ನ ಗೆಳೆಯರು ಬಂದಾಗ ಏನಂದೆ? "ನಾನೇ ಕಟ್ಟಿದ್ದು." ನಾನು ಟೀ ತಟ್ಟೆ ಹಿಡ್ಕೊಂಡು ಅಲ್ಲೇ ನಿಂತಿದ್ದೆ ಕಣೋ. ಅಪ್ಪ ಬೇರೆ, ಅವಳಿಗೆ ಇದೆಲ್ಲ ಎಲ್ಲಿ ತಿಳೀಬೇಕು, ಸ್ಕ್ರೂ ಎತ್ತಿ ಕೊಡ್ತಾಳೆ ಅಷ್ಟೆ ಅಂದ್ರು. ಎಲ್ಲ ನಕ್ರು. ನೀನೂ ನಕ್ಕೆ. ಮೈಯೆಲ್ಲ ಉರಿದು ಹೋಯ್ತು ನನಗೆ.

ಈಗ್ಯಾಕೆ ನಗ್ತೀಯ? ...ಓ. ಅದು ನಗು ಅಲ್ಲ. ಬಿಡು.

ನೋಡು, ಹೊಸ ಪೈಪು ಹಾಕಿದ್ಮೇಲೆ ಬೋರ್ಡಿಗೆ ಕರೆಂಟು ಕೊಡೋ ಹಾಗಿಲ್ಲ. ಬರೀ ಪಂಪು ಓಡಿಸ್ಬೇಕು. ಒಂದೊಂದು ಜಾಯಿಂಟ್ ಕೆಳಗೂ ಟಿಶ್ಯೂ ಕಾಗದ ಇಟ್ಟು ಒಂದಿಡೀ ದಿನ ಬಿಡ್ಬೇಕು. ಕಾಗದ ಒದ್ದೆಯಾಗದೆ ಉಳಿದ್ರೆ ಮಾತ್ರ ಸ್ವಿಚ್ಚು. ಅದಕ್ಕೇ ಬೋರ್ಡಿನ ವೈರು ಕಿತ್ತಿಟ್ಟಿದ್ದೆ. ನೀನು ಬಂದೆ, ಕಾಗದ ಒಣಗಿದೆ ಅಂತ ತೆಗೆದು ಬಿಸಾಕಿದೆ, ವೈರು ಚುಚ್ಚಿದೆ, ಒತ್ತೇಬಿಟ್ಟೆ. ಅಕ್ಕನ್ನ ಒಂದು ಮಾತು ಕೇಳೋಣ ಅಂತ ಅನ್ನಿಸ್ಲಿಲ್ಲ.

ಹೌದು, ಒಣಗೇ ಇತ್ತು. ನಾನು ಇಲ್ಲ ಅಂದ್ನಾ? ಜಾಯಿಂಟಿಗೆ ಹಾಕೋ ಆ ರಬ್ಬರ್ ವಾಷರ್ರೇ ದರಿದ್ರದ್ದು... ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಅನ್ಬೇಡ, ನಿಜವಾಗ್ಲೂ ವಾಷರ್ ಸರಿ ಇರ್ಲಿಲ್ಲ.

ನಾನಾ? ನಾನು ಅಡುಗೆಮನೇಲಿದ್ದೆ. ಟೀ ಸೋಸ್ತಾ ಇದ್ದೆ. ಚಟ್ ಅಂತ ಸದ್ದು ಕೇಳಿ ಓಡಿ ಬಂದೆ, ಅಷ್ಟೊತ್ತಿಗೆ ಹೊಗೆ...

ಏನು ನೋಡ್ತಿದ್ದೀಯ ಅಲ್ಲಿ?

ಲೋಟ. ನಿನ್ನ ಕುರ್ಚಿ ಹಿಂದೆ, ಶೆಲ್ಫ್ ಮೇಲೆ. ಹೂಂ, ನಿನ್ನ ಟೀನೇ. ಕೆನೆ ಕಟ್ಟಿದೆ... ಆಮೇಲೆ ತಂದಿಟ್ಟಿದ್ದು ಅದು.

ಹೊಗೆ ಬರ್ತಿರೋವಾಗ ಟೀ ಯಾರು ತರ್ತಾರೆ ಅಂತೀಯಾ? ಅನ್ನು. ಅಂದುಬಿಡು. ಬೈಯೋ, ಲೋಟ ಎತ್ತಿ ಎಸಿ, ಏನಾದ್ರೂ ಮಾಡು... ಪುಟ್ಟ? ಹಾಗೆ ಕಲ್ಲಿನ ಥರ ನಿಲ್ಬೇಡ ಕಣೋ.

ಬೆಳಿಗ್ಗೆ ಒಂದು ಕಾಗದ ನೀಲಿಯಾಗಿತ್ತು. ಜಾಯಿಂಟ್ ಬಿಗಿ ಮಾಡಿ, ಅಲ್ಲಿಗೆ ಬೇರೆ ಕಾಗದ ಇಟ್ಟಿದ್ದೆ. ಮತ್ತೆ ಒಂದು ದಿನ ಕಾಯ್ಬೇಕಿತ್ತು. ನೀನು ನೋಡಿದ್ದು ಆ ಹೊಸ ಕಾಗದಾನ.

ನೀನು ವೈರು ಚುಚ್ಚೋವಾಗ, ತಡಿ, ಅನ್ನೋದು ಗಂಟಲವರೆಗೂ ಬಂದಿತ್ತು. ಅಷ್ಟರಲ್ಲಿ ನೀನು ಫೋನಲ್ಲಿ ಯಾರಿಗೋ ಹೇಳ್ತಿದ್ದೆ, "ಈಗ ನೋಡು ನನ್ನ ಮಷೀನು."

ಲೋಟ ಶೆಲ್ಫ್ ಮೇಲಿಟ್ಟೆ. ನೀನೀಗ ನಿಂತಿದ್ದೀಯಲ್ಲ, ಹೀಗೇ ನಿಂತಿದ್ದೆ ನಾನು, ನಿನ್ನ ಬೆನ್ನ ಹಿಂದೆ, ಬಾಯಿ ಮುಚ್ಕೊಂಡು.