ಯಜಮಾನರ ಚೀಟಿ

ಎಂಬತ್ತೊಂದನೇ ಇಸವಿ. ಹಲ್ಲುನೋವಿಗೆಂದು ಅಜ್ಜಂಪುರದ ಆಸ್ಪತ್ರೆಗೆ ಬಂದ ಸುಲೋಚನಮ್ಮ ದವಡೆ ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದಿದ್ದ ಹೆಂಗಸು ಚೀಟಿ ಬರೆಯುವ ಗುಮಾಸ್ತನ ಕಿಟಕಿಗೆ ಮುಖ ತೂರಿಸಿದಳು.

“ಏನಮ್ಮಾ ಕಾಯಿಲೆ?”

“ನಂದಲ್ಲ ಸ್ವಾಮಿ, ನಮ್ಮ ಯಜಮಾನ್ರದು. ಹೋದ್ಸಲ ನಾಚ್ಕೊಂಡು ಸೊಂಟನೋವು ಅಂತ ಬರೆಸಿದ್ರು. ಡಾಕ್ಟ್ರು ಸೊಂಟಕ್ಕೆ ಸೂಜಿ ಚುಚ್ಚಿ ಕಳ್ಸುದ್ರು.”

“ಹಂಗಾದ್ರೆ ಈಗೇನು ಬರೀಲಿ?”

“ಮದ್ವೆಯಾಗಿ ಹನ್ನೆರಡು ವರ್ಷ ಚೆನ್ನಾಗೇ ಇದ್ರು. ಈಗ ಪಕ್ಕದಾಗೆ ಹೆಂಡ್ತಿ ಮಲ್ಗಿದ್ರೂ ಒಂದೇ, ರಾಗಿ ಮೂಟೆ ಇದ್ರೂ ಒಂದೇ.”

ಗುಮಾಸ್ತ ಕೆಮ್ಮಿದ. “‘ದಾಂಪತ್ಯದಲ್ಲಿ ನಿರಾಸಕ್ತಿ’ ಅಂತ ಬರ್ದೆ. ಹೆಸರು?”

“ಅಯ್ಯೋ, ಗಂಡನ ಹೆಸ್ರು ಬಾಯಲ್ಲಿ ಹೇಳ್ತಾರಾ?”

“ಇಷ್ಟೆಲ್ಲಾ ಹೇಳ್ದೆ, ಹೆಸ್ರು ಹೇಳೋಕೆ ನಾಚ್ಕೆನಾ?”

“ಅದೇ ಬೇರೆ, ಇದೇ ಬೇರೆ ಸ್ವಾಮಿ.” ಅವಳು ಅಂಗಳದ ಬೇವಿನ ಮರದ ಕಡೆ ತಿರುಗಿ ಕೂಗಿದಳು: “ಏನ್ರೀ, ಬಂದು ನಿಮ್ಮೆಸ್ರು ನೀವೇ ಹೇಳ್ರೀ! ಮಿಕ್ಕಿದ್ದೆಲ್ಲಾ ಬರೆಸಿದೀನಿ!”

ಸಾಲಿಗೆ ಸಾಲೇ ತಿರುಗಿ ನೋಡಿತು. ಮರದ ಹಿಂದೆ ಟವೆಲ್ ಮುಸುಕು ಹಾಕಿಕೊಂಡು ನಿಂತಿದ್ದ ಆಸಾಮಿ, “ಈರಭದ್ರಪ್ಪ! ಮಂಡಿನೋವು!” ಎಂದು ಅರಚಿದವನೇ ಬಸ್ ಸ್ಟ್ಯಾಂಡಿನ ಕಡೆ ಓಟ ಕಿತ್ತ. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆಯೇ ಓಡಿದಳು.

ಸುಲೋಚನಮ್ಮ ದವಡೆಯಿಂದ ಕೈ ತೆಗೆದು, ಅವರಿಬ್ಬರೂ ಮರೆಯಾಗುವವರೆಗೂ ನೋಡಿದಳು. ಆಸಾಮಿಯ ಮಂಡಿಗಳಲ್ಲಂತೂ ಯಾವ ದೋಷವೂ ಕಾಣಲಿಲ್ಲ.